ಕೌದಿಯೊಳಗಿನ ಸೂಜಿ

ಮೊನ್ನೆ ಸುಟ್ಟ ಫ್ಯಾನಿಗೆ ಹೊಸ ತಂತಿ ಸುತ್ತಿಸಲು ರಿಪೇರಿ ಅಂಗಡಿಗೆ ಹೋಗಿದ್ದೆ. ತಾಮ್ರದ ಸುರುಳಿಗೆ ಹಚ್ಚಿದ ವಾರ್ನಿಷು ಬಿಸಿಗೆ ಘಮ್ಮೆನ್ನುತ್ತಿತ್ತು. ಆ ವಾಸನೆಗೆ ಯಲವಿಗಿಯ ತವರಿನ ಜಗಲಿ, ಅಲ್ಲಿ ಕುಳಿತ ತಾರ್ ಮಾಸ್ತರು ನೆನಪಾದರು...

ಅವರು ರೈಲು ಸ್ಟೇಶನ್ನಿನಲ್ಲಿ ತಾರು, ಅಂದರೆ ಟೆಲಿಗ್ರಾಂ, ಕಳಿಸುವ ಕೆಲಸದವರು. ನಾನು ಮದುವೆಯಾಗಿ ಹೋದ ಮೇಲೆ ಊರಿಗೆ ಬಂದವರು, ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಎರಡನೇ ಮಹಾಯುದ್ಧದ ಕಾಲ, ಅಂಗಡಿಯಲ್ಲಿ ಬಟ್ಟೆ ಸಿಗುತ್ತಿರಲಿಲ್ಲ. ನಾನು ಚೊಚ್ಚಲ ಹೆರಿಗೆಗೆ ಬಂದು ಬಾಣಂತಿಯಾಗಿದ್ದೆ. ಹಿರೇಕೆರೂರಿನಿಂದ ಬೀಗರು ತೊಟ್ಟಿಲ ಶಾಸ್ತ್ರಕ್ಕೆ ಬರುವವರಿದ್ದರು. ಕೂಸಿಗೆಂದು ಅವ್ವ ತನ್ನ ಹಳೆಯ ಇಳಕಲ್ ಸೀರೆಗಳನ್ನು ಕೊಟ್ಟು ಓಣಿಯ ಮುದುಕಿ ಆಯಿಯ ಕೈಯಲ್ಲಿ ಕೌದಿ ಹೊಲಿಸುತ್ತಿದ್ದಳು. ಆಯಿಗೆ ಕಣ್ಣು ಮಂಜು; ಬೆರಳಿನ ಅಂದಾಜಿನಲ್ಲೇ ಹೊಲಿಗೆ. ಅದನ್ನು ಬಿಟ್ಟರೆ ಆಕೆಗೆ ಬೇರೆ ಆಸರೆ ಇರಲಿಲ್ಲ.

ಇನ್ನೇನು ಮುಗಿಯಿತೆನ್ನುವಾಗ ದಾರ ಹರಿದು ಸೂಜಿ ಪದರಗಳೊಳಗೆ ಜಾರಿಬಿಟ್ಟಿತು. ಒತ್ತಿ ನೋಡಿದರು, ಒದರಿ ನೋಡಿದರು, ಸಿಗಲಿಲ್ಲ. ಬಿಚ್ಚಹೋದರೆ ಹಳೆಯ ಸೀರೆ ಹರಿಯುತ್ತಿತ್ತು.

“ಕೂಸಿನ ಮೈಗೆ ಚುಚ್ಚಿದ್ರ ಏನ್ ಗತಿ? ಬ್ಯಾಡ ಆಯಿ, ಸುಟ್ಟುಬಿಡೂಣು,” ಅಂದಳು ಅವ್ವ.

“ಸುಡ್ರಿ ಅಕ್ಕಾರ. ಅದರ ಜೋಡಿ ನನ್ನ ಕೈನೂ ಸುಡ್ರಿ. ಸೂಜಿ ಕಳಕೊಳ್ಳೋ ಮುದುಕಿಗೆ ಇನ್ನ ಯಾರು ಕೆಲಸ ಕೊಡ್ತಾರ?”

ಮಾಸ್ತರು ಗೋಡೆಯಾಚೆಯಿಂದ ಕೇಳಿಸಿಕೊಂಡಿರಬೇಕು. “ಸುಡೂದು ನಾಳೆ ಆಗಲಿ. ಇವತ್ತ ನಾ ಆ ಸೂಜೀನ ಕರದು ನೋಡ್ತೇನಿ,” ಎಂದರು.

“ನೀವು ಕರದ್ರ ಅದು ಓ ಅಂತೈತೇನ್ರಿ ಮಾಸ್ತರ?” ಆಯಿ ಅಳುತ್ತಲೇ ಕುಟುಕಿದಳು.

ಸಂಜೆ ಅವರು ಬ್ಯಾಟರಿಯ ಗಾಜಿನ ಜಾಡಿಗಳನ್ನು ತಂದು ಜಗಲಿಯಲ್ಲಿಟ್ಟರು. ರಟ್ಟಿನ ಕೊಳವೆಗೆ ವಾರ್ನಿಷು ಹಚ್ಚಿದ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿದ್ದರು. ತಂತಿಗೆ ಕರೆಂಟು ಕೊಟ್ಟು ಕೌದಿಯ ಮೇಲೆ ಆಡಿಸಿದರು. ಏನೂ ಆಗಲಿಲ್ಲ.

“ಮಾಸ್ತರ, ನಿಮ್ಮ ಕರೆಂಟು ಮಲಗೇತೇನ್ರಿ?” ಅವ್ವ ಕೇಳಿದಳು.

“ತಡೀರಿ, ಬರೇ ಸುರುಳಿಗೆ ಶಕ್ತಿ ಸಾಲೂದಿಲ್ಲ.” ಕೊಳವೆಯೊಳಗೆ ಒಂದು ಕಬ್ಬಿಣದ ಬೋಲ್ಟು ತೂರಿಸಿದರು. “ಕಬ್ಬಿಣದ ಒಳಗ ಸಣ್ಣ ಸಣ್ಣ ಅಯಸ್ಕಾಂತ ಇರ್ತಾವ. ಸಂತ್ಯಾಗಿನ ಮಂದಿಗತೆ ಒಂದೊಂದು ಒಂದೊಂದು ಕಡೆ ಮಾರಿ ಮಾಡಿರ್ತಾವ. ಸುತ್ತಲಿನ ತಂತ್ಯಾಗ ಕರೆಂಟ್ ಹರದ್ರ ಎಲ್ಲಾ ಒಂದ ಕಡೆ ತಿರಗ್ತಾವ. ಆಗ ನೋಡ್ರಿ ಜೋರು.”

ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರ್ ಇದನ್ನೇ ಹಲಗೆಯ ಮೇಲೆ ಬಾಣಗಳಾಗಿ ಬರೆದಿದ್ದರು. ನಾನು ಚೆಂದವಾಗಿ ನಕಲು ಮಾಡಿಕೊಂಡಿದ್ದೆ, ಅಷ್ಟೇ.

ಅವ್ವ, ಆಯಿ ಎರಡು ತುದಿ ಹಿಡಿದು ಕೌದಿಯನ್ನು ಬಿಗಿಯಾಗಿ ಎಳೆದರು. ಬೋಲ್ಟು ನಿಧಾನವಾಗಿ ಸರಿಯಿತು. ಹಸಿರು ತುಂಡಿನ ಮೇಲೆ ಬಂದಾಗ ಬಟ್ಟೆ ಜೋಳದ ಕಾಳಿನಷ್ಟು ಮೇಲೆದ್ದಿತು...

“ನಿಂದರ್ರಿ!” ಆಯಿ ಅಲ್ಲಿ ಬೆರಳಿಟ್ಟಳು. ಮೊನೆ ಹೊರಗೆ ಇಣುಕಿತು. ಎಳೆದು ತೆಗೆದ ಸೂಜಿಯನ್ನು ಎಲ್ಲರಿಗೂ ತೋರಿಸಿದಳು, ಒಳಗೆ ಬಂದು ನನ್ನ ಕೂಸಿಗೂ.

ಮಾಸ್ತರು ಬೋಲ್ಟಿಗೆ ಒಂದು ಮೊಳೆ ಅಂಟಿಸಿ ಕರೆಂಟು ತೆಗೆದರು. ಮೊಳೆ ಟಣ್ಣನೆ ಬಿತ್ತು. “ಇದು ಮೆತ್ತನ್ನ ಕಬ್ಬಿಣ, ಬಲು ಬೇಗ ಮರೀತದ. ಸೂಜಿ ಉಕ್ಕಿಂದು, ಅದು ಹಂಗಲ್ಲ.” ಬೋಲ್ಟು ತೆಗೆದು ಅದೇ ಸೂಜಿಯನ್ನು ಕೊಳವೆಯೊಳಗಿಟ್ಟು, ಕರೆಂಟು ಕೊಟ್ಟು, ಹೊರತೆಗೆದರು. ಈಗ ಅದು ಇನ್ನೊಂದು ಸೂಜಿಯನ್ನು ಎತ್ತಿತು. “ಆಯಿ, ಇದನ್ನ ದಾರಕ್ಕ ಕಟ್ಟಿ ಇಟ್ಕೋರಿ. ಸೂಜಿ ನೆಲಕ್ಕ ಬಿದ್ರ ಇದ ಹುಡಕಿ ಕೊಡ್ತದ.”

ಆಯಿ ಆಮೇಲೆ ಓಣಿಯ ಎಷ್ಟೋ ಕೂಸುಗಳಿಗೆ ಕೌದಿ ಹೊಲಿದಳು. “ಆಯಿ ಕೈಯಾಗ ಕೊಡ್ರಿ, ಚಲೋ ಹೊಲೀತಾಳ,” ಎಂದು ಎಲ್ಲರಿಗೂ ಹೇಳುತ್ತಿದ್ದವಳು ಅವ್ವನೇ.

ಮಾಸ್ತರಿಗೆ ಬೇಗ ವರ್ಗವಾಯಿತು. ಎಲ್ಲಿಗೆ ಹೋದರೋ, ಹೇಗಿದ್ದರೋ... ಆಯಿಯೂ ಇಲ್ಲ, ಅವ್ವನೂ ಇಲ್ಲ. ಆ ಕೂಸೇ ಈಗ ಅಜ್ಜಿಯಾಗಿದ್ದಾಳೆ. ಮಾಸ್ತರು ನೋಡಲು ಹೇಗಿದ್ದರು ಎಂದು ಕೇಳುತ್ತಾಳೆ. ಬಾಣಂತಿ ಕೋಣೆಯ ಬಾಗಿಲ ಸಂದಿಯಿಂದ ನನಗೆ ಕಂಡದ್ದು ಕೈಗಳು ಮಾತ್ರ: ಸೂಜಿ ಕೊಡುತ್ತಿದ್ದ ಅವರ ಕೈ, ಅದನ್ನು ಮೆಲ್ಲಗೆ, ತಡಕಾಡದೆ, ತೆಗೆದುಕೊಂಡ ಆಯಿಯ ಕೈ.