ಹುಬ್ಬು ನೋಡಿ ಕೊಟ್ಟ ಅಂಕ

ಹಾನಗಲ್ಲಿನ ಚಹಾಪುಡಿ ಅಂಗಡಿಯೊಂದರಲ್ಲಿ ರುಚಿ ನೋಡುವುದು ನನ್ನ ಕೆಲಸವಾಗಿತ್ತು. ಹೊರಗಿನಿಂದ ಬಂದ ಚೀಲಗಳ ಪುಡಿಯನ್ನು ಕುದಿಸಿ, ಒಂದು ಗುಟುಕು ಹೀರಿ, ಯಾವುದಕ್ಕೆ ಯಾವುದನ್ನು ಬೆರೆಸಬೇಕೆಂದು ಹೇಳುತ್ತಿದ್ದೆ. ನಾನು ಬೆರೆಸಿದ್ದು ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಹೋಟೆಲುಗಳಿಗೆ ಹೋಗುತ್ತಿತ್ತು. ನಾನು ಮುಚ್ಚಿಟ್ಟದ್ದು ಇಷ್ಟೇ: ಕೆಲವು ವರ್ಷಗಳ ಹಿಂದೆ ಬಂದ ಜ್ವರದಲ್ಲಿ ನನ್ನ ಮೂಗೂ ನಾಲಿಗೆಯೂ ಸತ್ತುಹೋದವು. ಅಂದಿನಿಂದ ಚಹಾ ನನಗೆ ಬರೀ ಬಿಸಿನೀರು.

ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಹೀರುವಾಗ ಅಂಗಡಿಯಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ಆ ಮೌನದ ಮೇಲೆ ನನಗೆ ಆಸೆ. ಅದಕ್ಕೇ ಪುಡಿಯನ್ನು ಮನೆಗೆ ಒಯ್ದು, ಹೆಂಡತಿಗೂ ಒಂದು ಕಪ್ಪು ಕೊಟ್ಟು, ಅವಳ ಎದುರು ಕುಳಿತು ಕುಡಿಯತೊಡಗಿದೆ. ಅವಳ ಹುಬ್ಬು ಏರಿದರೆ ಒಳ್ಳೆಯ ಪುಡಿ, ಗಂಟಿಕ್ಕಿದರೆ ಕೆಟ್ಟದ್ದು. ಅವಳಿಗೂ ಸತ್ಯ ಹೇಳಿರಲಿಲ್ಲ.

ಹೀಗೆ ಆರಾಮಾಗಿದ್ದಾಗ ಅಂಗಡಿಯ ಸಾವ್ಕಾರರ ಅಕ್ಕನ ಮಗಳು ಕ್ಯಾಮೆರಾ ತಂದಳು. ದುಂಡಸಿಯ ಹುಡುಗಿ, ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅದು ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ. ಬೆಳಕನ್ನು ನೂರಾರು ಎಳೆಗಳಾಗಿ ಬಿಡಿಸಿ, ನಮ್ಮ ಕಣ್ಣಿಗೆ ಕಾಣದ್ದನ್ನೂ ಕಂಡು, ಚಹಾ ಎಲೆಯ ಗುಣವನ್ನು ಕುದಿಸದೆಯೇ ಹೇಳುತ್ತದಂತೆ. ಆದರೆ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದನ್ನು ಮೊದಲು ಮನುಷ್ಯನೇ ಅಂಕ ಕೊಟ್ಟು ಅದಕ್ಕೆ ಕಲಿಸಬೇಕು.

“ಕಾಕಾ, ಇದಕ್ಕ ನೀವ ಮಾಸ್ತರ್ರು,” ಅಂದಳು.

ಹೈಸ್ಕೂಲು ಮುಗಿಸಿದವನಿಗೆ ಅಂಥ ಶಿಷ್ಯ ಸಿಕ್ಕರೆ ಹೇಗೆ ಬೇಡವೆನ್ನಲಿ? ಕಪ್ಪು ತೊಳೆಯಲು ಬೇಕೆಂದು ನೆಪ ಹೇಳಿ ಹೆಂಡತಿಯನ್ನು ಕರೆತಂದು ಎದುರು ಕೂರಿಸಿಕೊಂಡೆ. ಪ್ರತಿ ಕಪ್ಪಿನಲ್ಲೂ ಅವಳಿಗೊಂದು ಗುಟುಕು. ನಾನು ಸೊರ್ರನೆ ಹೀರಿ, ಕಣ್ಣು ಮುಚ್ಚಿದಂತೆ ಮಾಡಿ, ರೆಪ್ಪೆಯ ಸಂದಿಯಿಂದ ಅವಳ ಹುಬ್ಬು ನೋಡಿ ಅಂಕ ಹೇಳುತ್ತಿದ್ದೆ. ಹುಡುಗಿ ಭಕ್ತಿಯಿಂದ ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಕ್ಯಾಮೆರಾ ಏನೂ ಕಲಿಯಲಿಲ್ಲ. ಅವಳು ಅದರ ಗಾಜು ಒರೆಸಿದಳು, ದೀಪ ಬದಲಿಸಿದಳು, ಕಿಟಕಿಗೆ ಗೋಣಿಚೀಲ ಕಟ್ಟಿದಳು. ಸಾವ್ಕಾರರು ದೃಷ್ಟಿಯಾಗಿದೆ ಎಂದು ಕ್ಯಾಮೆರಾಕ್ಕೆ ನಿಂಬೆಹಣ್ಣು ನಿವಾಳಿಸಿದರು. ಕಡೆಗೆ ಅವಳು ನಮಗೆ ತಿಳಿಸದೆ ಒಂದೇ ಪುಡಿಯನ್ನು ಎರಡು ಕಪ್ಪಿಗೆ ಹಾಕಿ ಕೊಟ್ಟಳು. ಕ್ಯಾಮೆರಾ ಎರಡರ ಬೆಳಕಿನ ಎಳೆಗಳೂ ಒಂದೇ ಎಂದಿತು. ನಾನು ಒಂದಕ್ಕೆ ಹತ್ತರಲ್ಲಿ ಒಂಬತ್ತು, ಇನ್ನೊಂದಕ್ಕೆ ಎರಡು ಕೊಟ್ಟಿದ್ದೆ.

ಹುಡುಗಿ ಬೆವತಳು. ನನ್ನ ಮೇಲೆ ಅವಳಿಗೆ ಕಿಂಚಿತ್ತೂ ಸಂಶಯ ಬರಲಿಲ್ಲ. ಕಾಕಾ ತಪ್ಪುವವರಲ್ಲ, ಒಂದೇ ಚೀಲದ ಪುಡಿಯಲ್ಲೂ ಅವರ ನಾಲಿಗೆಗೆ ಸಿಕ್ಕ ವ್ಯತ್ಯಾಸ ಇದಕ್ಕೆ ಕಾಣುತ್ತಿಲ್ಲ, ಯಂತ್ರವೇ ಕೆಟ್ಟಿದೆ, ನನ್ನ ಸಂಶೋಧನೆ ಮಣ್ಣುಪಾಲಾಯಿತೆಂದು ಕಾಲೇಜಿಗೆ ತಿಳಿಸುತ್ತೇನೆ ಎನ್ನುತ್ತ ಕ್ಯಾಮೆರಾವನ್ನು ಪೆಟ್ಟಿಗೆಗೆ ಇಡತೊಡಗಿದಳು. ಅವಳ ಕಣ್ಣೀರು ಪೆಟ್ಟಿಗೆಯ ಸ್ಪಂಜಿನ ಮೇಲೆ ಬೀಳುತ್ತಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಅದರ ತಪ್ಪಿಲ್ಲವ್ವ. ನನಗ ರುಚಿನ ತಿಳಿಯೂದಿಲ್ಲ. ಇಕೀ ಹುಬ್ಬು ನೋಡಿ ಅಂಕ ಕೊಡಾಕತ್ತಿದ್ದೆ.”

ಎಲ್ಲರೂ ನನ್ನ ಹೆಂಡತಿಯ ಹುಬ್ಬನ್ನೇ ನೋಡಿದರು. ಅವಳು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು.

“ನನ್ನ ಹುಬ್ಬೇನ್ರಿ? ನಾ ನಿಮ್ಮ ಮಾರಿ ನೋಡಿ ಹುಬ್ಬು ಏರಸ್ತಿದ್ದೆ. ರುಚಿ ಬಲ್ಲವ್ರು ನೀವು ಮೆಚ್ಚಿದಿರಿ ಅಂದಮ್ಯಾಲ ನಾ ಹ್ಯಾಂಗ ಒಲ್ಲೆ ಅನ್ಲಿ?”

ಇಷ್ಟು ವರ್ಷ ಮೂರು ಊರುಗಳ ಚಹಾವನ್ನು ಆರಿಸಿದವರು ಯಾರು? ಯಾರೂ ಅಲ್ಲ. ಹುಡುಗಿ ಮೂಗು ಒರೆಸಿಕೊಂಡು ನಕ್ಕು, ಕ್ಯಾಮೆರಾವನ್ನು ಮತ್ತೆ ಹೊರತೆಗೆದಳು. ಸಾವ್ಕಾರರು ನಗಲಿಲ್ಲ, ನಾನು ಬೆರೆಸಿಟ್ಟ ಚೀಲಗಳನ್ನು ಎಣಿಸತೊಡಗಿದರು.

ಈಗ ನನ್ನ ಹೆಂಡತಿ ಗೋಡೆಗೆ ಮುಖ ಮಾಡಿ ಕುಳಿತು ರುಚಿ ನೋಡುತ್ತಾಳೆ. ಕಪ್ಪು ತೊಳೆಯುವವನು ನಾನು. ಒಂದೇ ಪುಡಿಯನ್ನು ಎರಡು ಸಲ ಕೊಟ್ಟರೂ ಅವಳ ಅಂಕ ಒಂದೇ. ಕ್ಯಾಮೆರಾ ಅವಳಿಂದ ಕಲಿಯುತ್ತಿದೆ, ಹುಡುಗಿಯ ಕೆಲಸ ಉಳಿಯಿತು. ನಾನು ಬೆರೆಸಿದ್ದನ್ನು ಬಾಯಿಗಿಟ್ಟ ದಿನ ಮಾತ್ರ ಅವಳು ಉಗುಳಿ, ಇದನ್ನೇ ಮಂದಿಗೆ ಕುಡಿಸಿದಿರಾ ಎಂದು ಗೋಡೆಗೇ ಕೇಳಿದಳು.

ಕ್ಷಮೆ ಕೇಳಲು ಬಸ್ಸು ಹತ್ತಿ ಹಿರೇಕೆರೂರಿಗೆ ಹೋದೆ. ಹೋಟೆಲಿನವನಿಗೆ ಎಲ್ಲವನ್ನೂ ಹೇಳಿದೆ. ನಾನು ದೊಡ್ಡಸ್ತಿಕೆ ಬೇಡವೆಂದು ಹಾಗೆ ಹೇಳುತ್ತಿದ್ದೇನೆ ಎಂದುಕೊಂಡ. ಹೊಸ ಪುಡಿಯಲ್ಲಿ ಮಜಾ ಇಲ್ಲ ಎಂದು ದೂರಿ, ಡಬ್ಬಿಯಲ್ಲಿ ಜೋಪಾನ ಮಾಡಿದ್ದ ನನ್ನ ಹಳೆಯ ಪುಡಿಯಿಂದಲೇ ಚಹಾ ಮಾಡಿಕೊಟ್ಟು, ನನ್ನ ಮುಖವನ್ನೇ ನೋಡುತ್ತ ನಿಂತ. ಕುಡಿದೆ. ಬಿಸಿಯಾಗಿತ್ತು.