ಹಲಗೂರಿನ ಜಗಲಿಯಲ್ಲಿ ಸೈತಾನ

ನನ್ನ ಮುಖದಲ್ಲಿ ಸೈತಾನನ ಕಳೆಯಿದೆ ಎಂಬುದು ಐವತ್ತಾರು ವರ್ಷ ನನಗೇ ಗೊತ್ತಿರಲಿಲ್ಲ. ಕನ್ನಡಿಯಾಗಲಿ ಹೆಂಡತಿಯಾಗಲಿ ಬಾಯಿಬಿಟ್ಟಿರಲಿಲ್ಲ. ಕಡೆಗೆ ಹೇಳಿದವಳು ರುಕ್ಸಾನಾ. ಮಳವಳ್ಳಿಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ನಾನು ಗಣಿತ ಪಾಠ ಮಾಡುತ್ತೇನೆ. ಬೈಕ್ ಮೆಕ್ಯಾನಿಕ್ ಒಬ್ಬರ ಮಗಳಾದ ಈಕೆ ನನ್ನ ವಿದ್ಯಾರ್ಥಿನಿ. ಗೆಳೆಯರನ್ನು ಕಟ್ಟಿಕೊಂಡು ಮೊಬೈಲಿನಲ್ಲೇ ಒಂದು ಸಿನಿಮಾ ತೆಗೆಯಲು ಹೊರಟಿದ್ದಳು. ಗಣಿತದಲ್ಲಿ ಪಾಸಾಗಲು ಹುಡುಗನೊಬ್ಬ ಸೈತಾನನಿಗೆ ತನ್ನ ಆತ್ಮವನ್ನೇ ಬರೆದುಕೊಡುವ ಹಾಸ್ಯಚಿತ್ರ.

"ಸೈತಾನನ ಪಾರ್ಟು ನೀವೇ ಮಾಡ್ಬೇಕು ಸಾರ್. ನಿಮ್ಗಾದ್ರೆ ಮೇಕಪ್ಪೇ ಬ್ಯಾಡ," ಎಂದಳು.

ಇದು ಗೌರವವೋ ಅವಮಾನವೋ ಎಂದು ತೀರ್ಮಾನಿಸುವ ಮೊದಲೇ ಒಪ್ಪಿಕೊಂಡುಬಿಟ್ಟಿದ್ದೆ. ಮೂವತ್ತು ವರ್ಷ ಬೋರ್ಡಿನ ಕಡೆ ಮುಖ ಮಾಡಿ ನಿಂತವನಿಗೆ ಕ್ಯಾಮೆರಾಕ್ಕೆ ಮುಖ ತೋರಿಸುವ ಆಸೆ ಇರುವುದಿಲ್ಲವೇ?

ಕಥೆಯ ಬಗ್ಗೆ ಮಾತ್ರ ನನಗೊಂದು ತಕರಾರಿತ್ತು. ನಮ್ಮ ಪುರಾಣಗಳಲ್ಲಿ ವರ ಬೇಡುವವರು ರಾಕ್ಷಸರು, ಕೊಟ್ಟು ಪೇಚಿಗೆ ಸಿಲುಕುವವರು ದೇವರು. ಮನುಷ್ಯರಾದ ನಾವೂ ಚೌಕಾಸಿ ಮಾಡುವುದು ದೇವರ ಹತ್ತಿರವೇ. ಪರೀಕ್ಷೆ ಹತ್ತಿರ ಬಂದಾಗ ಮುತ್ತತ್ತಿಯ ಆಂಜನೇಯನಿಗೆ ಹರಕೆ ಹೊರುವ ನನ್ನ ಶಿಷ್ಯರು ಎಷ್ಟೋ ಮಂದಿ. ಹೀಗಿರುವಾಗ ಮಧ್ಯದಲ್ಲಿ ಈ ಸೈತಾನ ಏಕೆ? ಇದನ್ನೆಲ್ಲ ವಿವರಿಸಿದೆ. ರುಕ್ಸಾನಾ ತಾಳ್ಮೆಯಿಂದ ಕೇಳಿ, "ಭಾನುವಾರ ಬೆಳಿಗ್ಗೆ ಬಂದ್ಬುಡಿ ಸಾರ್," ಎಂದಳು.

ಚಿತ್ರೀಕರಣ ನಡೆದದ್ದು ಹಲಗೂರಿನಲ್ಲಿ, ಚಿತ್ರದ ನಾಯಕ, ನನ್ನ ಇನ್ನೊಬ್ಬ ಶಿಷ್ಯ ಮಹೇಶನ ಮನೆಯ ಜಗಲಿಯ ಮೇಲೆ. ಗಣಿತವೆಂದರೆ ಬೆವರುವ ಹುಡುಗನಾದ್ದರಿಂದ ಅವನು ನಟಿಸುವ ಅಗತ್ಯವಿರಲಿಲ್ಲ. ನನ್ನ ಬೆನ್ನಿಗೆ ಹೆಂಡತಿಯ ಕೆಂಪು ಸೀರೆ, ತಲೆಗೆ ರುಕ್ಸಾನಾಳ ಅಪ್ಪನ ಹೆಲ್ಮೆಟ್ಟು, ಅದರ ಮೇಲೆ ಟೇಪಿನಲ್ಲಿ ಅಂಟಿಸಿದ, ಎತ್ತಿನ ಕೊಂಬಿಗೆ ಹಾಕುವ ಎರಡು ಹಿತ್ತಾಳೆ ಕೋಡಣಸು.

"ಎಲೈ ಬಾಲಕ, ನಿನ್ನ ಆತ್ಮವನ್ನು ನನಗೆ ಕೊಡುತ್ತೀಯಾ?" ಎಂದು ಗುಡುಗಿದೆ.

ಮಹೇಶ ಬಾಯಿ ತೆರೆಯುವಷ್ಟರಲ್ಲಿ, ಅವನನ್ನು ಸಾಕಿದ ಅಜ್ಜಿ ಕೆಂಪಮ್ಮ ರಾಗಿ ಕೇರುತ್ತಿದ್ದ ಮೊರ ಹಿಡಿದೇ ಒಳಗಿನಿಂದ ಓಡಿ ಬಂದರು.

"ಲೇ ಮಯೇಸ, ತಮಾಸೆಗೂ ಊ ಅನ್ಬ್ಯಾಡ ಕಣ್ಲಾ!"

"ಅಜ್ಜಿ, ಇದು ಬರೀ ಸಿನ್ಮಾ," ಎಂದಳು ರುಕ್ಸಾನಾ.

"ಗೊತ್ತು ಕಣವ್ವ. ಸಿನ್ಮಾದಲ್ಲೂ ಬ್ಯಾಡ." ಅಜ್ಜಿ ನನ್ನ ಕಡೆ ತಿರುಗಿದರು. "ನೋಡಪ್ಪ, ಅವ್ನ ಬುಟ್ಬುಡು. ನನ್ ಜೀವ ತಕ್ಕೊ. ಆದ್ರೆ ಮಗ ಪಾಸಾಗ್ಬೇಕು."

ಅವರ ದನಿಯಲ್ಲಿ ನಾಟಕವಿರಲಿಲ್ಲ. ಮುಂದಿನ ಡೈಲಾಗು ನನಗೆ ಮರೆತೇ ಹೋಯಿತು. ಮಹೇಶ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದ. ನಾನು ಹೆಲ್ಮೆಟ್ಟು ತೆಗೆದು, "ನಾನು ದೆವ್ವ ಅಲ್ಲ ಅಜ್ಜಿ. ಇವನಿಗೆ ಲೆಕ್ಕ ಹೇಳಿಕೊಡೋ ಮೇಷ್ಟ್ರು," ಎಂದೆ.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮೇಷ್ಟ್ರಾ? ಅಂಗಾದ್ರೆ ನೀವೇ ಸರ್ಯಾಗಿ ಕಲ್ಸ್‌ಬೌದಲ್ಲ! ದೆವ್ವ ಯಾತಕ್ಕೆ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ನಗು ಬಂದದ್ದು ಸ್ವಲ್ಪ ತಡವಾಗಿ. ಮೂವತ್ತು ವರ್ಷದಲ್ಲಿ ಕಾಲೇಜಿನ ತಪಾಸಣೆಗೆ ಎಷ್ಟೋ ಅಧಿಕಾರಿಗಳು ಬಂದು ಹೋಗಿದ್ದಾರೆ. ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ.

ರುಕ್ಸಾನಾ ಮೊಬೈಲನ್ನು ಆಫ್ ಮಾಡಿರಲಿಲ್ಲ. ತಾನು ಬರೆದಿದ್ದ ಕೊನೆಯನ್ನು ಕಿತ್ತುಹಾಕಿ ಇದನ್ನೇ ಇಟ್ಟಳು. ಕಾಲೇಜಿನ ಸಭಾಂಗಣದಲ್ಲಿ ತೋರಿಸಿದಾಗ ನಗುತ್ತಿದ್ದ ಮಕ್ಕಳೆಲ್ಲ ಅಜ್ಜಿಯ ಮಾತಿಗೆ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಕೆಂಪಮ್ಮನವರಿಗೆ ಮಾತ್ರ ಸಿಟ್ಟು: "ಮೊದ್ಲೇ ಯೋಳಿದ್ರೆ ಒಳ್ಳೆ ಸೀರೆ ಉಟ್ಕೊತಿರ್ಲಿಲ್ವಾ?"

ಚಿತ್ರೀಕರಣದ ಮರುವಾರದಿಂದಲೇ ನಾನು ಪ್ರತಿ ಭಾನುವಾರ ಹಲಗೂರಿನ ಬಸ್ಸು ಹತ್ತತೊಡಗಿದ್ದೆ. ಮಹೇಶ ಮೊದಲ ಪರೀಕ್ಷೆಯಲ್ಲಿ ಫೇಲಾದ. ಆ ದಿನ ನನಗೂ ಊಟ ಸೇರಲಿಲ್ಲ. ಮತ್ತೆ ಕೂತೆವು. ಎರಡನೆಯ ಸಲ ಪಾಸಾದ. ತೇಲಿ ದಡ ಸೇರಿದ ಎನ್ನುವುದೇ ಸರಿ.

ಫಲಿತಾಂಶದ ದಿನ ನಾನು ಹೋದಾಗ ಅಜ್ಜಿ ಕಾಫಿ ಕೊಟ್ಟು ಪಕ್ಕದಲ್ಲೇ ಕೂತರು. ಬಹಳ ದಿನದ ಸಂಶಯವೊಂದು ಅವರ ಮನಸ್ಸಿನಲ್ಲಿತ್ತು.

"ಅಲ್ಲಾ ಮೇಷ್ಟ್ರೇ, ವಾರವಾರ ಇಬ್ರೂ ಕೂತ್ಕೊಂಡು ಎಕ್ಸು ಎಲ್ಲವ್ನೆ, ಎಕ್ಸು ಎಲ್ಲವ್ನೆ ಅಂತ ಉಡುಕ್ತಿದ್ರಲ್ಲ. ಅವ್ನು ಸಿಕ್ಕುದ್ನಾ?"

"ಸಿಕ್ಕಿದ ಅಜ್ಜಿ."

ಕೆಂಪಮ್ಮ ನಿಟ್ಟುಸಿರು ಬಿಟ್ಟರು. "ಸದ್ಯ. ಪಾಪ, ಯಾರ್ ಮನೆ ಮಗನೋ."