ನಡೆಯುತ್ತಿದ್ದರೆ ಒಂದು ಒತ್ತಿ

ಚಳ್ಳಕೆರೆಯ ಕಚೇರಿಯಲ್ಲಿ ಕೂತು ಮೊಳಕಾಲ್ಮೂರಿನ ಮಗ್ಗಗಳನ್ನು ಕಾಯುವುದು ನನ್ನ ಕೆಲಸ. ನಮ್ಮದು ರೇಷ್ಮೆ ಸೀರೆ ನೇಯಿಸುವ ಯೋಜನೆ. ಯಾರ ಸೀರೆ ಎಲ್ಲಿಗೆ ಬಂತೆಂದು ಕಂಪ್ಯೂಟರೇ ಹೇಳುತ್ತದೆ. ದಿನಾ ಹತ್ತು ಗಂಟೆಗೆ ಅದು ಪ್ರತಿ ನೇಕಾರರಿಗೂ ಫೋನು ಮಾಡಿ, ಹೆಸರು ಹಿಡಿದು ಕರೆದು, "ನಿಮ್ಮ ಮಗ್ಗ ನಡೆಯುತ್ತಿದೆಯೇ? ನಡೆಯುತ್ತಿದ್ದರೆ ಒಂದು ಒತ್ತಿ" ಎನ್ನುತ್ತದೆ. ಒತ್ತಿದರೆ ನನ್ನ ಪರದೆಯ ಮೇಲೆ ಹಸಿರು ಚುಕ್ಕೆ. ಹೆಸರು ಹಿಡಿದು ಕರೆಯುವ ಈ ಜಾಣತನ ಯಾರದೋ ಏನೋ, ಆ ನಯದ ದನಿ ಕೇಳಿದರೇ ನನಗೆ ಮೈ ಉರಿಯುತ್ತಿತ್ತು.

ಒಂದು ದಿನ ಸೀರೆ ತರುವ ವ್ಯಾನಿನ ಡ್ರೈವರ್ ಮೊಳಕಾಲ್ಮೂರಿನ ವಯಸ್ಸಾದ ನೇಕಾರರೊಬ್ಬರ ಮಾತು ಬಂದಾಗ, "ಆ ಅಮ್ಮ ತೀರ್ಕಂಡು ಭಾಳ ದಿನ ಆತಲ್ರೀ ಸರ್" ಎಂದ. ಪರದೆ ನೋಡಿದೆ. ಆಕೆಯ ಹೆಸರಿನ ಮುಂದೆ ಅವತ್ತೂ ಹಸಿರು ಚುಕ್ಕೆ ಇತ್ತು. ಸುಳ್ಳೇಕೆ, ಹೆದರಿದೆ. ಹಾಗಾದರೆ ದಿನಾ ಒಂದು ಒತ್ತುತ್ತಿರುವುದು ಯಾರು?

ಮರುದಿನ ಬೆಳಗಿನ ಬಸ್ಸಿಗೇ ಆಕೆಯ ಮನೆಗೆ ಹೋದೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೊಸೆ ನೇಯುತ್ತಿದ್ದಳು. ಅತ್ತೆ ನೇಯ್ದು ಉಳಿದಿದ್ದ ಎಳೆಗಳ ತುದಿಗೆ ತನ್ನ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚಿಕೊಂಡಿದ್ದಳು. ನೇಕಾರರ ಮನೆಗಳಲ್ಲಿ ಅದೇ ರೂಢಿ, ಹಳೆಯ ಎಳೆ ಹಿಡಿದೇ ಹೊಸದು ಮಗ್ಗಕ್ಕೆ ಬರಬೇಕು. ಹೀಗಾಗಿ ಮಗ್ಗ ನಿಂತಿರಲಿಲ್ಲ. ಹೆಸರು ಮಾತ್ರ ಹೋದವಳದು.

"ನನ್ನ ಹೆಸರು ಹಾಕ್ರಿ ಸರ್," ಎಂದಳು ಸೊಸೆ. "ನೇಕಾರರ ಕಾರ್ಡು ಬೇಕಂದ್ರೆ ಕಂಪ್ಯೂಟರ್‌ನಾಗೆ ನಾನಿರ್ಬೇಕಂತೆ. ಇಲ್ದಿದ್ರೆ ಎಷ್ಟು ನೇಯ್ದ್ರೂ ನಾನು ನೇಯ್ದಂಗಲ್ಲ. ಮಾವ ಒಪ್ತಿಲ್ಲ."

ಮಾವ ಗೋಡೆಗೊರಗಿ ಕೂತಿದ್ದರು, ಕೈಯಲ್ಲಿ ಫೋನು. ನಾನು ಹೇಳಿದ್ದಕ್ಕೆಲ್ಲ "ಸರಿ ಸಾರ್" ಎಂದರೇ ಹೊರತು ಮುಖ ನೋಡಲಿಲ್ಲ. ನ್ಯಾಯ ಸೊಸೆಯ ಕಡೆಗಿತ್ತು. ಅಲ್ಲೇ ನನ್ನ ಮೊಬೈಲಿನಲ್ಲಿ ಹೆಸರು ಬದಲಿಸಿದೆ.

ಹತ್ತಕ್ಕೆ ಕರೆ ಬಂತು. ಮುದುಕರು ಅಂಗಿ ಸರಿಮಾಡಿಕೊಂಡರು. ಸ್ಪೀಕರ್ ಹಾಕಿ ಫೋನನ್ನು ಮಗ್ಗದ ಕಡೆಗೆ ಚಾಚಿ ಹಿಡಿದರು. ದಿನವೂ ಹಾಗೇ ಹಿಡಿಯುತ್ತಿದ್ದರಂತೆ. ದನಿ ಸೊಸೆಯ ಹೆಸರು ಕರೆಯಿತು. ಆಕೆಯ ಕೈ ನಿಂತಿತು.

ಅವರು ಒಂದು ಒತ್ತಿದರು. "ತೀಸ್ಕೋಮ್ಮಾ," ಎಂದು ಮನೆಮಾತು ತೆಲುಗಿನಲ್ಲೇ ಹೇಳಿ ಫೋನನ್ನು ಸೊಸೆಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಎಲ್ರೂ ಅವತ್ತೇ ಹೋದ್ಲು ಅಂದ್ರು ಸಾರ್. ಬೆಳಗಾದ್ರೆ ಹೆಸರು ಹಿಡಿದು ಕರೀತಿತ್ತಲ್ಲ, ಹೋಗಿದ್ರೆ ಯಾಕೆ ಕರೀತಾರೆ ಅಂದ್ಕಂಡಿದ್ದೆ." ಮಗ್ಗದ ಕಡೆ ನೋಡಿ, "ಇವತ್ತು ಹೋದ್ಲು," ಎಂದರು.

ನನಗೆ ಅಲ್ಲಿ ಕೂರಲಾಗಲಿಲ್ಲ. ಬೀದಿಗಿಳಿದಾಗ ಮನೆಮನೆಯಲ್ಲೂ ಮಗ್ಗದ ಸದ್ದು. ಆ ಒಂದು ಮನೆಯದು ಮಾತ್ರ ಮತ್ತೆ ಶುರುವಾಗಿರಲಿಲ್ಲ. ಮೊಬೈಲು ತೆಗೆದು ನೋಡಿದೆ. ಸೊಸೆಯ ಹೆಸರಿನ ಮುಂದೆ ಚುಕ್ಕೆ ಹಸಿರಾಗಿಯೇ ಇತ್ತು.